ಸಾರಥಿಯ ಪಕ್ಕದ ಸೀಟು

ಹೊಸ ಕಾರಿನಲ್ಲಿ ದಾರಿ ತೋರಿಸುವ ಪರದೆಗೆ ಅವಳು ಮೊದಲ ವಾರವೇ ಅಡುಗೆಮನೆಯ ಕೈವಸ್ತ್ರವೊಂದನ್ನು ಹೊದಿಸಿಬಿಟ್ಟಳು. ಒಗೆದು ಒಗೆದು ಮೆತ್ತಗಾಗಿದ್ದ ನೀಲಿ ಅಂಚಿನ ಬಟ್ಟೆ. ಮೇಲಿನ ಮೂಲೆಗಳನ್ನು ಗಾಳಿ ಬರುವ ಕಿಂಡಿಗಳಿಗೆ ಸಿಕ್ಕಿಸಿದರೆ ಪರದೆ ಪೂರ್ತಿ ಮುಚ್ಚುತ್ತಿತ್ತು. ಯಾರಾದರೂ ಕೇಳಿದರೆ, "ಧೂಳು ಕೂರುತ್ತೆ ನೋಡಿ," ಅನ್ನುತ್ತಿದ್ದಳು. ಧೂಳಿನ ಮಾತು ನೆಪ. ಆ ಪರದೆ ಬಾಯಿ ತೆರೆದರೆ ಪಕ್ಕದ ಸೀಟಿನಲ್ಲಿ ಕೂತವರು ಬಾಯಿ ಮುಚ್ಚಿಬಿಡುತ್ತಾರೆ ಎಂಬುದು ಅವಳ ಹೆದರಿಕೆ.

ಪಕ್ಕದ ಸೀಟಿನಲ್ಲಿ ಕೂರುವವರು ಅವಳ ಗಂಡ. ಅಂಗಡಿಗಳಲ್ಲಿ, ಗಿರಣಿಗಳಲ್ಲಿ, ಆಸ್ಪತ್ರೆಗಳಲ್ಲಿ ತೂಕದ ಯಂತ್ರ ಕೆಟ್ಟರೆ ಹೋಗಿ ಸರಿಪಡಿಸುವುದು ಅವರ ಕಸುಬು. ಊರೆಲ್ಲ ಅವರನ್ನು ತಕ್ಕಡಿ ಮೇಷ್ಟ್ರು ಎನ್ನುತ್ತಿತ್ತು. ಗಾಡಿ ಓಡಿಸಲು ಮಾತ್ರ ಅವರು ಕಲಿಯಲಿಲ್ಲ. ಕಲಿಯಲು ಕೂತ ದಿನವೇ ಮನೆಯ ಗೇಟಿಗೆ ಗುದ್ದಿ, "ನಂಗೆ ಭಾರ ಅರ್ಥ ಆಗುತ್ತೆ ಕಣೇ, ವೇಗ ಅರ್ಥ ಆಗಲ್ಲ," ಎಂದು ಕೀಲಿಕೈಯನ್ನು ಹೆಂಡತಿಯ ಅಂಗೈಯಲ್ಲಿ ಇಟ್ಟುಬಿಟ್ಟಿದ್ದರು. ಅಂದಿನಿಂದ ಅವಳು ಅವರ ಪಾಲಿಗೆ ಸಾರಥಿ. ಹೆಸರು ಅಂಟಿಕೊಂಡಿತು, ಗಿರಾಕಿಗಳಿಗೂ ಅವಳು ಸಾರಥಿಯಮ್ಮನೇ.

ಗಾಡಿ ಅವಳದು, ದಾರಿ ಅವರದು. ಹಾಗೆಂದು ಯಾರೂ ಕೂತು ಹಂಚಿಕೊಂಡದ್ದಲ್ಲ, ತಾನಾಗಿ ಹಾಗೆ ಆಯಿತು. ಸಂಜೆಯಾದರೆ ಯಾರಾದರೊಬ್ಬರು ಪದ್ಯ ಓದುವ, ಉಳಿದವರು ಕೂತು ಕೇಳುವ ಮನೆಯಲ್ಲಿ ಅವಳು ಬೆಳೆದವಳು. ಏನು ಕಲಿತರೂ ಕಿವಿಯಿಂದ ಕಲಿತವಳು. ರಸ್ತೆಯ ಫಲಕ, ಅಂಗಡಿಯ ಬೋರ್ಡು ಅವಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಪಕ್ಕದಿಂದ "ಎಡ" ಎಂಬ ಸದ್ದು ಬಿದ್ದರೆ ಕೈ ಎಡಕ್ಕೆ ತಿರುಗುತ್ತಿತ್ತು, "ಬಲ" ಎಂದರೆ ಬಲಕ್ಕೆ. ನಡುವೆ ಯೋಚನೆ ಎಂಬುದು ಇರಲಿಲ್ಲ. ಇಷ್ಟು ವರ್ಷ ಓಡಾಡಿದ ಊರಿನಲ್ಲಿ ಒಬ್ಬಳೇ ಹೊರಟರೆ ಮನೆಯ ಹಿಂದಿನ ಬೀದಿಗೆ ಬರುವಷ್ಟರಲ್ಲಿ ಕಕ್ಕಾಬಿಕ್ಕಿಯಾಗುತ್ತಿದ್ದಳು. ಮಗಳು ಅದನ್ನು ಹೇಳಿಕೊಂಡು ನಗುತ್ತಿದ್ದಳು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಕೈ ಬೇಗ ಸರಿಹೋಯಿತು. ಮಾತು ಮಾತ್ರ ಸರಿಯಾಗಿ ಹಿಂದಿರುಗಲಿಲ್ಲ. ವಿಚಿತ್ರವೆಂದರೆ ಬಾಯಿಪಾಠವಾಗಿದ್ದ ಪದ್ಯಗಳೆಲ್ಲ ಹಾಗೇ ಉಳಿದಿದ್ದವು. ಬೆಳಿಗ್ಗೆ ದೇವರ ಮುಂದೆ ನಿಂತರೆ ಅರ್ಧ ಗಂಟೆ ಒಂದಕ್ಷರ ಜಾರದಂತೆ, ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲಿಸಿ ಹೇಳುವರು. ಮುಗಿಸಿ ಇತ್ತ ತಿರುಗಿ, ನೀರು ಬೇಕೆನ್ನಲು ಹೋಗಿ, "ಅದು... ಬೀಗ... ಅಲ್ಲ... ಅದು..." ಎಂದು ತಡಕಾಡುವರು. ಹೆಂಡತಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದಳು, ಆದರೂ ಕೊಡುತ್ತಿರಲಿಲ್ಲ. ಮಾತು ಕಲಿಸುವ ಡಾಕ್ಟರಮ್ಮನ ಕಟ್ಟಪ್ಪಣೆ ಅದು.

"ನೀವು ಅವರ ಬಾಯಿಗೆ ಮಾತು ಹಾಕ್ಬೇಡಿ. ಕೈ ತೋರ್ಸೋಕೂ ಬಿಡ್ಬೇಡಿ. ಕೈ ಕೆಲಸ ಮಾಡಿದ್ರೆ ಬಾಯಿ ಸೋಮಾರಿ ಆಗುತ್ತೆ. ಅವರಿಗೆ ದಿನಾ ಮಾತಾಡ್ಲೇಬೇಕಾದ ಕೆಲಸ ಯಾವುದಿದೆ?"

"ದಾರಿ ಹೇಳ್ತಾರೆ," ಎಂದಿದ್ದಳು ಅವಳು.

"ಅದಕ್ಕಿಂತ ಒಳ್ಳೇದು ಇನ್ನೇನು ಬೇಕು! ಬಿಡಬೇಡಿ ಅದನ್ನ."

ಬಿಡಲಿಲ್ಲ. ಮೇಷ್ಟ್ರು ತೂಕದ ಬಟ್ಟುಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ತೋರಿಸಲು ಹೋಗದಂತೆ ಎರಡೂ ಕೈಗಳಿಂದ ಅದನ್ನು ತಬ್ಬಿ ಕೂರುತ್ತಿದ್ದರು. ದಾರಿ ಹೇಳುತ್ತಿದ್ದರು. ಆದರೆ ಉಲ್ಟಾ. ಬಲ ಎನ್ನಬೇಕಾದಲ್ಲಿ ಬಾಯಿ ಎಡ ಎನ್ನುತ್ತಿತ್ತು, ಎಡ ಎನ್ನಬೇಕಾದಲ್ಲಿ ಬಲ. ತಿರುಗಿದ ಮೇಲೆ ತಲೆ ಜೋರಾಗಿ ಅಲ್ಲಾಡಿಸಿ, "ಅಲ್ಲ, ಅಲ್ಲ, ಅಲ್ಲ," ಎನ್ನುವರು. ಕೆಲವು ದಿನ ಹೀಗೆ ನಡೆದ ಮೇಲೆ ಅವಳೇ ಒಂದು ಉಪಾಯ ಮಾಡಿಕೊಂಡಳು. ಅವರು ಎಡ ಎಂದರೆ ತಾನು ಬಲಕ್ಕೆ, ಬಲ ಎಂದರೆ ಎಡಕ್ಕೆ. ಮೊದಮೊದಲು ಪ್ರತಿ ತಿರುವಿನಲ್ಲೂ ಯೋಚಿಸಬೇಕಾಯಿತು. ಆಮೇಲೆ ಕಿವಿಯೇ ಅದನ್ನು ಮಗುಚಿ ಕೈಗೆ ಕೊಡತೊಡಗಿತು. ಹೊಸ ರಾಗಕ್ಕೆ ಹಳೆ ಪದ್ಯ ಹೊಂದಿಕೊಂಡ ಹಾಗೆ ಹೊಂದಿಕೊಂಡಿತು. ಮತ್ತೆ ಇಬ್ಬರೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಿಬರುವಂತಾಯಿತು.

ಹಳೆಯ ಕಾರು ಕೈಕೊಟ್ಟಾಗ ಮಗಳು, ಅಳಿಯ ಸೇರಿ ಹೊಸದನ್ನು ಆರಿಸಿಕೊಟ್ಟರು. ಆರಿಸುವುದರಲ್ಲಿ ಜಗಳವಿರಲಿಲ್ಲ. ಪರದೆಯ ವಿಷಯಕ್ಕೆ ಊಟದ ಮೇಜಿನ ಮುಂದೆ ದೊಡ್ಡ ಯುದ್ಧವೇ ನಡೆಯಿತು.

"ಕಾರಲ್ಲೇ ಎಲ್ಲಾ ಇದೆ ಅಮ್ಮ," ಎಂದಳು ಮಗಳು. "ಫೋನ್ ಎಲ್ಲಿಟ್ಟೆ ಅಂತ ಹುಡುಕ್ಬೇಕಾಗಿಲ್ಲ, ಚಾರ್ಜ್ ಇಲ್ಲ ಅನ್ನೋ ಗೋಳಿಲ್ಲ. ಸಿಗ್ನಲ್ ಹೋದ್ರೂ ದಾರಿ ಹೇಳುತ್ತೆ. ಕಾರಿಗೆ ಏನಾದ್ರೂ ಆದ್ರೆ ಅದೇ ಹೇಳುತ್ತೆ."

"ಕಾರಿನ ಬುದ್ಧಿ ಕಾರು ಹುಟ್ಟಿದ ದಿನಕ್ಕೇ ನಿಂತ್ಹೋಗುತ್ತೆ ಅತ್ತೆ," ಎಂದ ಅಳಿಯ. "ಫೋನಾದ್ರೆ ದಿನಾ ಹೊಸದು ಕಲಿಯುತ್ತೆ. ಒಂದ್ಸಲ ಜೋಡಿಸಿಬಿಟ್ರೆ ಫೋನಿನ ಮುಖಾನೇ ಆ ಪರದೆ ಮೇಲೆ ಬರುತ್ತೆ. ನಿಮಗೆ ಪರಿಚಯ ಇರೋ ಮುಖ."

"ಇವರಿಗೆ ಫೋನಿನ ಮುಖ ಬಿಟ್ರೆ ಇನ್ಯಾರ ಮುಖಾನೂ ಪರಿಚಯ ಇಲ್ಲ ಬಿಡಮ್ಮ," ಎಂದಳು ಮಗಳು.

"ನಿನ್ನ ಕಾರು ಹೋದ ತಿಂಗಳು ನನ್ನನ್ನ ಕೆರೆ ಅಂಗಳಕ್ಕೆ ಕರ್ಕೊಂಡು ಹೋಯ್ತಲ್ಲ, ಅದನ್ನೂ ಹೇಳು," ಎಂದ ಅವನು.

ಮೇಷ್ಟ್ರು ತಟ್ಟೆ ನೋಡುತ್ತ ನಗುತ್ತಿದ್ದರು. ಅವಳು ಇಬ್ಬರಿಗೂ ಹೂಂಗುಟ್ಟಿದಳು. ಮಾರನೆಯ ದಿನ ಬಟ್ಟೆ ಹೊದಿಸಿದಳು.

ಹೊಸ ಕಾರು ಬಂದು ಕೆಲವು ತಿಂಗಳಲ್ಲಿ ಅವರು ದಾರಿ ತಪ್ಪತೊಡಗಿದರು. ಮೊದಲು ಅಪರೂಪಕ್ಕೆ, ಆಮೇಲೆ ದಿನಾ. ಔಷಧಿಯಂಗಡಿಗೆ ಹೊರಟರೆ ಮರದ ಅಡ್ಡೆಯ ಮುಂದೆ ನಿಲ್ಲುತ್ತಿದ್ದರು. ಒಂದು ದಿನ ಹೂವಿನ ಮಾರುಕಟ್ಟೆಯನ್ನು ಸುತ್ತಿ ಸುತ್ತಿ ಹೊರಬರಲಾರದೆ ಹೋದಾಗ ಹೂ ಮಾರುವವಳು, "ಪ್ರದಕ್ಷಿಣೆ ಸಾಕಮ್ಮ, ದೇವ್ರು ಒಲಿದಿರ್ತಾನೆ," ಎಂದು ಕೂಗಿದಳು. ಸಾರಥಿಯಮ್ಮ ನಕ್ಕಳು. ಪಕ್ಕದಲ್ಲಿ ಅವರು ನಗಲಿಲ್ಲ. ಈಗ ಅವರು ತಲೆ ಅಲ್ಲಾಡಿಸುವುದನ್ನೂ ಬಿಟ್ಟಿದ್ದರು. ಕಾರು ತಪ್ಪು ಬೀದಿಗೆ ಹೊಕ್ಕರೆ ಮುಖ ತಗ್ಗಿಸಿ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುವರು. ತಿರುವು ಬಂದಾಗ ಹೇಳುವ ಮುಂಚೆ ಹೆಂಡತಿಯ ಮುಖ ನೋಡುವರು. ದನಿ ದಿನದಿನಕ್ಕೆ ಸಣ್ಣದಾಯಿತು.

ಅವಳಿಗೆ ಒಂದೇ ಯೋಚನೆ. ಮೊದಲು ಹೋದದ್ದು ಬರೀ ಮಾತು. ಈಗ ದಾರಿಯೂ ಮರೆಯುತ್ತಿದೆಯೇ? ಡಾಕ್ಟರಮ್ಮನೇನೋ, "ಚೆನ್ನಾಗಿ ಆಗ್ತಿದೆ, ಎಷ್ಟೋ ಮಾತು ವಾಪಸ್ ಬರ್ತಿದೆ," ಎಂದೇ ಹೇಳುತ್ತಿದ್ದರು. ಸಮಾಧಾನ ಮಾಡುವುದು ಅವರ ಧರ್ಮ ಎಂದುಕೊಂಡಳು.

ಗಿರಾಕಿಗಳು ಕಾದು ಕಾದು ಮಗಳಿಗೆ ಫೋನು ಮಾಡಿದರು. ಮಗಳು ಬಂದಳು. ಅಪ್ಪ ಹಿತ್ತಲಲ್ಲಿದ್ದಾಗ ಅಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅಪ್ಪನಿಗೆ ದಾರಿ ಮರೆತುಹೋಗ್ತಿದೆ ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ಸ್ವಲ್ಪ ಹಿಂದೆ ಮುಂದೆ ಆಗುತ್ತೆ ಅಷ್ಟೇ."

"ಅಮ್ಮ, ಸುಮ್ನಿರು. ಕೆಲಸ ಸಾಕು ಅವರಿಗೆ. ನಮ್ಮನೇಲಿ ಬಂದಿರ್ಲಿ. ಸಾಮಾನೆಲ್ಲ ಊರಿಗೆ ಬಂದಿರೋ ಆ ಹೊಸ ತಕ್ಕಡಿ ಮೆಕ್ಯಾನಿಕ್‌ಗೆ ಕೊಟ್ಬಿಡೋಣ."

"ಆ ಸೀಟಿಂದ ಇಳಿಸಿದ್ರೆ ಅವರು ಮತ್ತೆ ಮಾತಾಡಲ್ಲ ಕಣೇ."

ಮಗಳು ಕಿಟಕಿಯಾಚೆ ನೋಡಿದಳು. "ನಾಳೆ ಹೆರಿಗೆ ಆಸ್ಪತ್ರೆ ಕೆಲಸ ಇದೆಯಲ್ಲ. ನಾನೂ ಹಿಂದೆ ಕೂತ್ಕೊಂಡು ಬರ್ತೀನಿ. ನನ್ನ ಕಣ್ಣಾರೆ ನೋಡ್ತೀನಿ. ಅವರಿಗೆ ದಾರಿ ಗೊತ್ತಿಲ್ಲ ಅಂತಾದ್ರೆ, ಅದೇ ಕೊನೇ ಕೆಲಸ. ಆಯ್ತಾ?"

 ಅವಳು ತಿರುಗಿ ನೋಡಿದರೆ ಮೇಷ್ಟ್ರು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ತೊಳೆದ ಬಟ್ಟುಗಳು. ಕೇಳಿಸಿಕೊಂಡಿದ್ದರು ಎಂಬುದು ಮುಖದಲ್ಲೇ ಇತ್ತು. ಅವರು ಒಂದೊಂದೇ ಬಟ್ಟನ್ನು ಒರೆಸಿ ಪೆಟ್ಟಿಗೆಯ ಮಖಮಲ್ಲಿನ ಗುಳಿಗಳಲ್ಲಿ ಕೂರಿಸಿದರು.

ಮಾರನೆಯ ದಿನ ಕಾರು ಹತ್ತಿದವಳೇ ಮಗಳು ಮುಂದಕ್ಕೆ ಬಾಗಿ ಬಟ್ಟೆ ಕಿತ್ತಳು. "ಧೂಳಂತೆ ಧೂಳು!" ಎಂದು ಅದನ್ನು ಮಡಿಸಿ ಅಮ್ಮನ ತೊಡೆಯ ಮೇಲೆ ಹಾಕಿ, ಕಾರಿನದೇ ನಕ್ಷೆಯಲ್ಲಿ ಆಸ್ಪತ್ರೆಯನ್ನು ಒತ್ತಿದಳು. ಜೊತೆಗೆ ತನ್ನ ಫೋನಿನಲ್ಲೂ ಅದೇ ಜಾಗ ಹಾಕಿಕೊಂಡಳು. ಫೋನನ್ನು ಪರದೆಗೆ ಜೋಡಿಸಿದರೆ ಕಾರಿನ ನಕ್ಷೆ ಸುಮ್ಮನಾಗಿಬಿಡುತ್ತದೆ. ಎರಡನ್ನೂ ಒಟ್ಟಿಗೆ ಕೇಳಬೇಕಾದರೆ ಫೋನು ಕೈಯಲ್ಲೇ ಇರಬೇಕು.

"ಎರಡೂ ಯಾಕೆ?" ಎಂದಳು ಅವಳು.

"ಇವತ್ತು ಯಾವುದು ಸರಿ ಅಂತ ಇತ್ಯರ್ಥ ಆಗ್ಲಿ. ಸಂಜೆ ನಮ್ಮನೆಯವರ ಹತ್ರ ಹೇಳ್ಬೇಕು. ಅಪ್ಪ, ನೀವೂ ಹೇಳಿ. ನಿಮ್ಮ ಪಾಡಿಗೆ ನೀವು."

ಮೇಷ್ಟ್ರು ತಲೆದೂಗಿದರು. ಅಂಗಿಯ ಕಾಲರು ಸರಿಮಾಡಿಕೊಂಡರು, ಪರೀಕ್ಷೆಗೆ ಕೂತವರ ಹಾಗೆ.

ಬಹಳ ದೂರ ನೇರ ದಾರಿ. ಕಾರಿನ ದನಿ ಗಂಭೀರ, ಫೋನಿನದು ತುಸು ಅವಸರದ್ದು. ದೊಡ್ಡ ಸಿಗ್ನಲ್ ಹತ್ತಿರ ಬಂದಿತು. ಅವಳು ಮನಸ್ಸಿನಲ್ಲೇ ದೇವರನ್ನು ನೆನೆದಳು. ಇವತ್ತೊಂದು ದಿನ, ತಂದೇ, ಇವತ್ತೊಂದು ದಿನ.

"ಎಡಕ್ಕೆ ತಿರುಗಿ," ಎಂದಿತು ಕಾರು.

"ಮುಂದೆ ಎಡಕ್ಕೆ," ಎಂದಿತು ಫೋನು.

"ಎ... ಎಡ," ಎಂದರು ಮೇಷ್ಟ್ರು.

ಅವಳು ಬಲಕ್ಕೆ ತಿರುಗಿಸಿದಳು.

"ಅಮ್ಮಾ!"

ಅಷ್ಟರಲ್ಲಿ ಕಾರು ಇಕ್ಕಟ್ಟಾದ ಓಣಿಯೊಂದಕ್ಕೆ ನುಗ್ಗಿತ್ತು. ಮುಂದೊಂದು ಕಾರು, ಹಿಂದೊಂದು ವ್ಯಾನು. ರಬ್ಬರ್ ಬೂಟು ಹಾಕಿದವನೊಬ್ಬ ಕಿಟಕಿ ತಟ್ಟಿ, "ಗ್ಲಾಸ್ ಏರ್ಸಿ, ಗೇರ್ ನ್ಯೂಟ್ರಲ್ ಮಾಡಿ, ಸ್ಟೀರಿಂಗ್ ಮುಟ್ಬೇಡಿ," ಎಂದ. ಅದು ಕಾರು ತೊಳೆಯುವ ಯಂತ್ರದ ಸಾಲು.

"ನಮಗೆ ತೊಳ್ಸೋದು ಬೇಡಪ್ಪ, ದಾರಿ ತಪ್ಪಿ ಬಂದ್ವಿ."

"ಬಂದಾಯ್ತಲ್ಲಮ್ಮ. ಹಿಂದೆ ಹೋಗೋಕೆ ಜಾಗ ಎಲ್ಲಿದೆ? ಗ್ಲಾಸ್ ಏರ್ಸಿ."

ಅವಳು ಗಾಜು ಏರಿಸಿ, ಗೇರು ಬಿಡಿಸಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಕೆಳಗಿನ ಪಟ್ಟಿ ಕಾರನ್ನು ಮೆಲ್ಲನೆ ಒಳಗೆಳೆಯಿತು. ನೀರು ಧೋ ಎಂದು ಸುರಿಯಿತು. ಗಾಜಿನ ಮೇಲೆಲ್ಲ ಬಿಳಿಯ ನೊರೆ ಹರಡಿ ಒಳಗೆ ಕತ್ತಲಾಯಿತು. ಪರದೆ ಒಂದೇ ಬೆಳಗುತ್ತಿತ್ತು.

"ಅಮ್ಮ, ಕಾರು ಎಡ ಅಂತು. ಫೋನ್ ಎಡ ಅಂತು. ಅಪ್ಪಾನೂ ಎಡ ಅಂದ್ರು. ಮೂರೂ ಬಾಯಿ ಒಂದೇ ಮಾತು ಹೇಳಿದ್ರೆ ನೀನ್ಯಾಕೆ ಬಲಕ್ಕೆ ತಿರುಗಿಸ್ದೆ?"

"ಅವರು ಎಡ ಅಂದ್ರಲ್ಲೇ," ಎಂದಳು ಅವಳು. "ಅದಕ್ಕೇ ಬಲಕ್ಕೆ..."

ದೊಡ್ಡ ಕುಂಚಗಳು ಎರಡೂ ಪಕ್ಕದಿಂದ ಬಂದು ಕಾರನ್ನು ದಬದಬ ಬಡಿಯತೊಡಗಿದವು. ಅವಳು ಪರದೆಯ ಬಾಣವನ್ನು ನೋಡಿದಳು. ತಪ್ಪಿದ ದಾರಿಯಿಂದ ಹೊಸ ದಾರಿ ಹುಡುಕುತ್ತ ಅದು ಸುತ್ತುತ್ತಿತ್ತು. ಗಂಡನ ಕಡೆ ತಿರುಗಿದಳು.

"ರೀ, ನೀವು ಎಡ ಅಂದಿದ್ದು ಎಡಕ್ಕೇನಾ?"

ಅವರು ಕಣ್ಣು ಅರಳಿಸಿ ನೋಡಿದರು.

"ಏನಮ್ಮಾ ನಡೀತಿದೆ?" ಎಂದಳು ಮಗಳು. ಅಮ್ಮ ಹೇಳಿದಳು. ಉಲ್ಟಾ ಹೇಳುತ್ತಿದ್ದದ್ದು, ತಾನು ಮಗುಚಿಕೊಳ್ಳುತ್ತಿದ್ದದ್ದು, ಅದು ಕೈಗೆ ಹತ್ತಿಹೋಗಿದ್ದು. ಸದ್ದಿಗೆ ಕೇಳಿಸದೆ ಎರಡೆರಡು ಸಲ ಕೂಗಿ ಹೇಳಬೇಕಾಯಿತು. "ಇವರ ಬಾಯಿ ಯಾವತ್ತು ಸರಿಹೋಯ್ತೋ ನಂಗೆ ಗೊತ್ತೇ ಆಗ್ಲಿಲ್ಲ ಕಣೇ! ನಾನು ಹಾಗೇ ಉಲ್ಟಾ ಓಡಿಸ್ತಿದ್ದೆ!"

"ಅಂದ್ರೆ ಇಷ್ಟು ದಿನ..."

"ಇಷ್ಟು ದಿನ ಸರಿಯಾಗೇ ಹೇಳಿದಾರೆ. ಕೆಡಿಸ್ತಿದ್ದಿದ್ದು ನಾನು."

ಮೇಷ್ಟ್ರ ತುಟಿಗಳು ಆಡಿದವು. ತಾಯಿ, ಮಗಳು ಇಬ್ಬರೂ ಕಾದರು. ಕುಂಚಗಳು ಹಿಂದಕ್ಕೆ ಸರಿದು, ನೀರಿನ ಸದ್ದು ಮಾತ್ರ ಉಳಿಯಿತು.

"ನಾನು... ಸರಿ... ಹೇಳಿದ್ನಾ?"

"ಸರಿಯಾಗೇ ಹೇಳಿದ್ರಿ."

"ನೀನು... ಆ ಕಡೆ ಹೋದೆ. ನಾನು... ಬಾಯಿ... ತಪ್ಪು ಅಂತು... ಅನ್ಕೊಂಡೆ." ಅವರು ತಮ್ಮ ಬಾಯಿಯನ್ನು ಬೆರಳಿನಿಂದ ಮುಟ್ಟಿಕೊಂಡರು. "ದಿನಾ... ಅನ್ಕೊಂಡೆ."

ಅವಳಿಗೆ ತಡೆಯಲಾಗಲಿಲ್ಲ. ತೊಡೆಯ ಮೇಲಿದ್ದ ನೀಲಿ ಅಂಚಿನ ಬಟ್ಟೆಯಿಂದ ಮುಖ ಮುಚ್ಚಿಕೊಂಡು ಅತ್ತಳು. ದಿನಾ ಪಕ್ಕದಲ್ಲಿ ಕೂತು, ಸರಿಯಾದ ಮಾತನ್ನೇ ಆಡಿ, ತಾನು ತಪ್ಪಿದೆನೆಂದು ತಲೆ ತಗ್ಗಿಸಿದ ಮನುಷ್ಯ. ಕೇಳುವುದೊಂದೇ ತನಗೆ ಬರುವ ವಿದ್ಯೆ ಎಂದುಕೊಂಡಿದ್ದಳು. ಆ ವಿದ್ಯೆಯೇ ಹೀಗೆ ಮಾಡಿತಲ್ಲ!

ಮೇಷ್ಟ್ರು ಪೆಟ್ಟಿಗೆ ಬಿಟ್ಟು ಅವಳ ತಲೆಯ ಮೇಲೆ ಕೈಯಿಟ್ಟರು. "ಸಾರಥೀ," ಎಂದರು. ಆಮೇಲೆ ಗಾಜಿನ ಕಡೆ ನೋಡಿ, "ಕಾರು... ಕ್ಲೀನು," ಎಂದರು.

ಮಗಳು ಮೊದಲು ನಕ್ಕಳು. ಮೂವರೂ ನಗುತ್ತಿರುವಾಗಲೇ ಬಿಸಿಗಾಳಿ ಬೀಸಿ ನೀರಹನಿಗಳನ್ನು ಗಾಜಿನ ಮೇಲೆ ಓಡಿಸಿತು. ಕಾರು ಆಚೆಯ ಬಿಸಿಲಿಗೆ ಬಂದು ನಿಂತಿತು.

ಆಸ್ಪತ್ರೆಯವರೆಗೂ ಪ್ರತಿ ತಿರುವು ಒಂದು ಕಂಟಕವಾಯಿತು. "ಬಲ," ಎಂದು ಅವರು ಹೇಳಿದರೆ ಅವಳ ಕೈ ಎಡಕ್ಕೆ ಎಳೆಯುತ್ತಿತ್ತು. "ಬಲಾ ಅಂದ್ರೆ ಬಲಾನೇ, ಬಲಾ ಅಂದ್ರೆ ಬಲಾನೇ," ಎಂದು ಹೊಸದಾಗಿ ಮಗ್ಗಿ ಕಲಿಯುವವಳ ಹಾಗೆ ಗೊಣಗಿಕೊಂಡು ತಿರುಗಿಸುತ್ತಿದ್ದಳು. ಕಾರು, ಫೋನು ಎರಡೂ ಅವರಿಗಿಂತ ಮುಂಚೆ ಬಾಯಿ ಹಾಕುತ್ತಿದ್ದವು. ಅವರ ಮಾತು ಹೊರಡಲು ಹೊತ್ತು ಬೇಕು. ತುಟಿ ತೆರೆಯುವಷ್ಟರಲ್ಲಿ ಯಂತ್ರ ಹೇಳಿ ಮುಗಿಸಿರುತ್ತಿತ್ತು. ಎರಡು ತಿರುವಿನ ನಂತರ ಅವರು ಸುಮ್ಮನಾದರು. ಮಗಳು ಅದನ್ನು ಗಮನಿಸಿದಳು.

ಎಳೆಗೂಸುಗಳ ಕೋಣೆಯಲ್ಲಿ ನರ್ಸು ತೂಕದ ಯಂತ್ರದ ಪಕ್ಕ ನಿಂತು ಕಾಯುತ್ತಿದ್ದಳು. "ಬನ್ನಿ ಮೇಷ್ಟ್ರೇ. ಮಗು ತೂಕ ಕಳ್ಕೊಂಡ್ತೋ, ಇದು ಸುಳ್ಳು ಹೇಳ್ತಿದ್ಯೋ ಗೊತ್ತಾಗ್ದೆ ತಾಯಿ ಬೆಳಿಗ್ಗೆಯಿಂದ ಅಳ್ತಿದಾಳೆ." ಅವರು ತಟ್ಟೆಯ ನಾಲ್ಕೂ ಮೂಲೆಗಳಲ್ಲಿ ಬಟ್ಟಿಟ್ಟು ನೋಡಿದರು. ಒಂದು ಮೂಲೆಯಲ್ಲಿ ಅಂಕಿ ಇಳಿಯಿತು. ಯಂತ್ರ ಎತ್ತಿ, ಅಡಿಯಲ್ಲಿ ಸಿಕ್ಕಿಕೊಂಡಿದ್ದ ಹತ್ತಿಯ ಉಂಡೆಯನ್ನು ಚಿಮಟದಿಂದ ತೆಗೆದು, ಮತ್ತೆ ಕೂರಿಸಿದರು. ಮಗುವನ್ನು ಮಲಗಿಸಿದರು. ನರ್ಸು ಅಂಕಿ ನೋಡಿ ಹೊರಗೆ ಓಡಿದಳು, ತಾಯಿಗೆ ಹೇಳಲು.

ಇತ್ತ ಕಾರಿನಲ್ಲಿ ಮಗಳು ಪರದೆಯ ಜೊತೆ ಗುದ್ದಾಡುತ್ತಿದ್ದಳು.

"ನಿಂಗೇನು ಬೇಕು ಹೇಳಮ್ಮ. ಬಟ್ಟೆ ಹೊದಿಸೋದು ಬೇಡ. ಇವತ್ತು ಇದು ಇಲ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ."

"ಬೇಡ ಅನ್ನಲ್ಲ. ಚಿತ್ರ ಇರ್ಲಿ. ನಾನು ತಪ್ಪಿದ್ರೆ ಕಣ್ಣಿಗಾದ್ರೂ ಕಾಣ್ಲಿ. ಮಾತು ಮಾತ್ರ ಬೇಡ. ಮಾತು ಅವರದು."

ಕಾರಿನ ದನಿಯನ್ನು ಮಗಳು ಅಡಗಿಸಿದಳು. ಕಾರಿನ ಎಂಜಿನ್ ಆರಿಸಿ ಮತ್ತೆ ಶುರು ಮಾಡಿದರೆ ಅದು ಏನೂ ಆಗದ ಹಾಗೆ ನಮಸ್ಕಾರ ಹೇಳಿತು. ಮತ್ತೆ ಅಡಗಿಸಿದಳು, ಮತ್ತೆ ಹೇಳಿತು. ಕೊನೆಗೆ ಅಪ್ಪ ಸೀಟಿನ ಮೇಲೆ ಬಿಟ್ಟುಹೋಗಿದ್ದ ಫೋನು ತೆಗೆದುಕೊಂಡು, ಅದರ ದನಿ ನಿಲ್ಲಿಸಿ, ಪರದೆಗೆ ಜೋಡಿಸಿದಳು. ಆರಿಸಿ ಶುರು ಮಾಡಿದಳು. ನಕ್ಷೆ ಬಂತು, ಸದ್ದಿಲ್ಲ. ಫೋನು ತನಗೆ ಹೇಳಿದ್ದನ್ನು ನೆನಪಿಟ್ಟುಕೊಂಡಿತ್ತು.

"ಹಾಗಾದ್ರೆ ಅಳಿಯಂದ್ರು ಗೆದ್ರು."

"ನಾನು ಒಪ್ಕೊಂಡೆ ಅಂತ ಅವರಿಗೆ ಹೇಳಿದ್ರೆ ನೋಡು ಮತ್ತೆ!"

"ಆ ಮೆಕ್ಯಾನಿಕ್ ವಿಷಯ?"

ಮಗಳು ಫೋನಿನ ತಂತಿಯನ್ನು ಸರಿಮಾಡಿದಳು. "ಮನೆಗೆ ಹೋಗೋವಾಗ ಅಪ್ಪ ದಾರಿ ಹೇಳೋದು ನೋಡ್ತೀನಿ," ಎಂದಳು.

ಮೇಷ್ಟ್ರು ಬಂದು ಕೂತರು. ಪರದೆಯಲ್ಲಿ ಬಾಣ ಮೌನವಾಗಿ ತೆವಳುತ್ತಿತ್ತು. "ಎಡ," ಎಂದರು ಅವರು, ಬಾಣವೂ ಎಡ. "ಬಲ", ಬಾಣವೂ ಬಲ. ಅವರಿಗೆ ಬೇಕಾದಷ್ಟು ಹೊತ್ತು ಇತ್ತು, ಅವಳು ತಿರುವಿಗೆ ಮುಂಚೆಯೇ ನಿಧಾನಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಮಗಳು ಹಿಂದಕ್ಕೆ ಒರಗಿದಳು.

ಹಳೆಯ ಸೇತುವೆ ದಾಟಿದ ಮೇಲೆ ಬಾಣ ಬಲಕ್ಕೆ ಬಾಗಿತು. ಮನೆ ಅತ್ತಲೇ.

"ಎಡ," ಎಂದರು ಮೇಷ್ಟ್ರು.

ಮಗಳು ಮುಂದಕ್ಕೆ ಬಾಗಿದಳು. ಬಾಯಿವರೆಗೆ ಬಂದ ಮಾತನ್ನು ನುಂಗಿಕೊಂಡಳು. ಸಾರಥಿ ಬಾಣ ನೋಡಿದಳು, ಹಿಂದೆ ವ್ಯಾನೊಂದು ಹಾರ್ನು ಹಾಕಿತು. ಅವರ ಮುಖ ನೋಡಲಿಲ್ಲ. ಮುಖ ನೋಡಿದರೆ, ಸರಿಯೇ ಎಂದು ಕೇಳಿದಂತಾಗುತ್ತದೆ. ಎಡಕ್ಕೆ ತಿರುಗಿಸಿದಳು.

ಗೋಡೆಗಳ ನಡುವಿನ ಸಣ್ಣ ರಸ್ತೆ. "ನೇರ... ನೇರ... ಇಲ್ಲಿ." ಹಿಟ್ಟಿನ ಗಿರಣಿಯೊಂದರ ಮುಂದೆ ಕಾರು ನಿಂತಿತು. ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡಿದ್ದ ಗಿರಣಿಯವರು ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟರು.

"ಓಹೋ, ದಾರಿ ಸಿಕ್ತಾ ಮೇಷ್ಟ್ರೇ? ಮೊನ್ನೆ ನಿಮ್ಮ ಕಾರು ಎರಡು ಸಲ ಇಲ್ಲೇ ಮೂಲೇವರೆಗೂ ಬಂದು ಆ ಕಡೆ ತಿರುಗಿ ಹೋಯ್ತು. ನನ್ನ ಮೇಲೆ ಕೋಪ ಅನ್ಕೊಂಡೆ."

ಮೇಷ್ಟ್ರು ಹೆಂಡತಿಯ ಕಡೆ ಬೊಟ್ಟು ಮಾಡಿದರು. "ಸಾರಥಿ... ತಪ್ಪು," ಎಂದರು, ಮುಖದ ತುಂಬ ನಗುತ್ತ.

"ತಪ್ಪು ನಂದೇ," ಎಂದಳು ಅವಳು, ಎಂಜಿನ್ ಆರಿಸುತ್ತ.

ಅವರು ಇಳಿದು ಬಾಗಿಲಲ್ಲೇ ತಿರುಗಿ ನಿಂತರು. ಹಿಂದಿನ ಸೀಟಿನ ಕಡೆ ನೋಡಿ, ಒಂದೊಂದೇ ಮಾತನ್ನು ತೂಗಿ ಹೊರಗಿಟ್ಟರು: "ದೊಡ್ಡ... ಬಟ್ಟು... ಡಿಕ್ಕೀಲಿದೆ. ತಗೊಂಡು... ಬಾಮ್ಮ. ಕೆಲಸ ಇದೆ."

ಮಗಳು ಆಫೀಸಿನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಡಿಕ್ಕಿ ತೆರೆಯಲು ಹೋದಳು.